‘ನೋಡೋಣ’ ಎಂಬ ಸುಳ್ಳು

ಕಳೆದ ಮೇ ತಿಂಗಳ ಒಂದು ಮಂಗಳವಾರ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಮುಗಿಸಿ ಕಾಫಿ ಹಿಡ್ಕೊಂಡು ಕೂತಿದ್ದೆ. ಅಪ್ಪನಿಂದ ವಾಟ್ಸಾಪ್ ಬಂತು. ಒಂದು ಫೋಟೋ: ಕೆಂಪು ಬಸ್ಸಿನ ಕಿಟಕಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿರುವ ಅಮ್ಮ. ಕೆಳಗೆ ಎರಡು ಸಾಲು: ‘ಮಡಿಕೇರಿ ದಾಟಿದೆವು. ಅಮ್ಮನಿಗೆ ಸೊನ್ನೆ ಟಿಕೆಟ್, ನನಗೆ ಕಾಲು ಭಾಗ ಕಡಿಮೆ. ಮಧ್ಯಾಹ್ನ ಮಂಗಳೂರು.’

ಮಂಗಳೂರಾ? ಯಾಕೆ? ಯಾವಾಗ ಹೊರಟ್ರು? ಯಾರನ್ನ ಕೇಳಿ ಹೊರಟ್ರು?

ಈ ಕೊನೆಯ ಪ್ರಶ್ನೆ ನನ್ನ ತಲೆಯಲ್ಲಿ ನಿಜವಾಗಿ ಬಂತು, ಇದೇ ಪದಗಳಲ್ಲಿ ಬಂತು. ಅಪ್ಪನಿಗೆ ಎಪ್ಪತ್ತೊಂದು. ಲೋಕೋಪಯೋಗಿ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಮ್ಮನಿಗೆ ಅರವತ್ತಾರು, ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವಳು. ಇಬ್ಬರೂ ಸೇರಿ ಎಪ್ಪತ್ತು ವರ್ಷ ಸರ್ಕಾರಕ್ಕೆ ದುಡಿದಿದ್ದಾರೆ, ಎರಡು ಮಕ್ಕಳನ್ನ ಓದಿಸಿದ್ದಾರೆ, ಮೈಸೂರಿನಲ್ಲಿ ಒಂದು ಮನೆ ಕಟ್ಟಿ ಸಾಲ ತೀರಿಸಿದ್ದಾರೆ. ಅಂಥವರು ತಮ್ಮದೇ ಪೆನ್ಷನ್ ದುಡ್ಡಲ್ಲಿ ಬಸ್ಸು ಹತ್ತಿದ್ರೆ, ಸರ್ಜಾಪುರ ರಸ್ತೆಯ ಆಫೀಸೊಂದರಲ್ಲಿ ಕೂತ ಮೂವತ್ತೆಂಟರ ಮಗಳು ‘ಯಾರನ್ನ ಕೇಳಿ?’ ಅನ್ಕೋತಾಳೆ.

ಈ ಬರಹ ಆ ಮಗಳ ವಿರುದ್ಧ. ನೀವೂ ಅವಳ ಹಾಗೇ ಇದ್ರೆ, ನಿಮ್ಮ ವಿರುದ್ಧವೂ ಹೌದು.

*

ಅವರು ಯಾಕೆ ಹೇಳದೇ ಹೊರಟರು ಅನ್ನೋದಕ್ಕೆ ಹಿಂದಿನ ವರ್ಷದ ಕಥೆ ಹೇಳಬೇಕು.

2024ರ ಏಪ್ರಿಲ್‌ನಲ್ಲಿ ಅಪ್ಪ ಫೋನ್ ಮಾಡಿದ್ದರು. ‘ಈ ಸಲ ಹೊನ್ನಾವರಕ್ಕೆ ಹೋಗಿ ಅಕ್ಕನನ್ನ ನೋಡ್ಕೊಂಡು ಬರೋಣ ಅಂತಿದ್ದೀವಿ. ದಾರೀಲಿ ಬ್ರಹ್ಮಾವರದಲ್ಲಿ ನಿನ್ನ ಚಿಕ್ಕಮ್ಮನ ಮನೆ. ಒಂದು ಹತ್ತು ದಿನ.’ ಹೊನ್ನಾವರದ ಅತ್ತೆ ಅಂದ್ರೆ ಅಪ್ಪನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವರಮ್ಮ ಹೋದ ಮೇಲೆ ಅಪ್ಪನನ್ನ ಸಾಕಿದವಳು.

ನಾನು ಹೇಳಿದೆ: ‘ನೋಡೋಣ ಅಪ್ಪ. ಬಿಸಿಲು ಜಾಸ್ತಿ ಇದೆ.’

ಬಿಸಿಲು ಇತ್ತು, ಸುಳ್ಳಲ್ಲ. ಆದರೆ ಅದು ಕಾರಣ ಆಗಿರಲಿಲ್ಲ. ಮಗನಿಗೆ ಬೇಸಿಗೆ ರಜೆ ಶುರುವಾಗಿತ್ತು. ಅವನನ್ನ ನೋಡ್ಕೋತಿದ್ದ ಅಕ್ಕ ಊರಿಗೆ ಹೋಗಿದ್ದರು. ಆಫೀಸಲ್ಲಿ ದೊಡ್ಡ ರಿಲೀಸ್ ಇತ್ತು. ನನಗೆ ಅಮ್ಮ ಬೇಕಿತ್ತು. ಅದನ್ನ ನೇರವಾಗಿ ಹೇಳಿದ್ರೆ ನಾನು ಸಹಾಯ ಕೇಳುವವಳು ಆಗ್ತಿದ್ದೆ. ‘ಬಿಸಿಲು’ ಅಂದ್ರೆ ಕಾಳಜಿ ಮಾಡುವವಳು ಆಗ್ತೀನಿ. ಎರಡನೆಯದನ್ನೇ ಆರಿಸಿಕೊಂಡೆ. ಅಮ್ಮ, ಅಪ್ಪ ಇಬ್ಬರೂ ಬೆಂಗಳೂರಿಗೆ ಬಂದರು. ಎರಡು ತಿಂಗಳು ಒಂಬತ್ತನೇ ಮಹಡಿಯ ಫ್ಲ್ಯಾಟಲ್ಲಿ ಮೊಮ್ಮಗನ ಜೊತೆ ಲೂಡೋ ಆಡಿದರು. ಮೇ ಕೊನೆಗೆ ಅಪ್ಪ ಮತ್ತೆ ಕೇಳಿದರು. ‘ಮಳೆ ಶುರುವಾಗ್ತಿದೆ, ಈಗ ಘಟ್ಟ ಇಳಿಯೋದು ಬೇಡ, ದಸರಾ ಆದ್ಮೇಲೆ ನೋಡೋಣ’ ಅಂದೆ.

ಜುಲೈ ಕೊನೆಯಲ್ಲಿ ಅತ್ತೆ ತೀರಿಕೊಂಡರು.

ಆ ರಾತ್ರಿ ನಾನು ಹತ್ತು ನಿಮಿಷದಲ್ಲಿ ಮೈಸೂರಿನಿಂದ ಹೊನ್ನಾವರಕ್ಕೆ ಟ್ಯಾಕ್ಸಿ ಮಾಡಿಸಿದೆ. ಜೋರು ಮಳೆ. ಘಟ್ಟದಲ್ಲಿ ಮಣ್ಣು ಜರಿಯುವ ಕಾಲ. ಅಪ್ಪನಿಗೆ ಅದೇ ಮಂಡಿ, ಅದೇ ಎದೆ, ಅದೇ ಸ್ಟೆಂಟು. ಆದರೆ ಆವತ್ತು ನಾನು ‘ನೋಡೋಣ’ ಅನ್ನಲಿಲ್ಲ. ಬದುಕಿದ್ದ ಅಕ್ಕನನ್ನ ನೋಡೋಕೆ ಬಿಸಿಲು ಅಡ್ಡ ಬಂತು. ಸತ್ತ ಅಕ್ಕನನ್ನ ನೋಡೋಕೆ ಭೂಕುಸಿತವೂ ಅಡ್ಡ ಬರಲಿಲ್ಲ.

ಅಪ್ಪ ನನಗೆ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಈ ವರ್ಷ ಕೇಳದೇ ಬಸ್ಸು ಹತ್ತಿದರು, ಅಷ್ಟೇ.

*

ನಮ್ಮ ಮನೆಗಳಲ್ಲಿ ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ. ಇದು ಎಲ್ಲರಿಗೂ ಗೊತ್ತು. ಚಿಕ್ಕವರಿದ್ದಾಗ ಸೈಕಲ್ ಕೇಳಿದ್ರೆ ಅಪ್ಪ ‘ನೋಡೋಣ’ ಅಂತಿದ್ದರು. ನಮಗೆ ಅರ್ಥ ಆಗ್ತಿತ್ತು. ಆದರೆ ಅಪ್ಪ ‘ನೋಡೋಣ’ ಅಂದಾಗ ಅವರ ಜೇಬಲ್ಲಿ ದುಡ್ಡಿರಲಿಲ್ಲ. ನಾವು ಈಗ ‘ನೋಡೋಣ’ ಅನ್ನುವಾಗ ನಮ್ಮ ಜೇಬಿಗೆ ಏನೂ ಆಗಿಲ್ಲ. ಅವರ ಜೇಬಿನ ದುಡ್ಡು, ಅವರ ಕಾಲು, ಅವರ ಉಳಿದ ದಿನಗಳು. ಅದರ ಮೇಲೆ ಸಹಿ ಹಾಕುವ ಅಧಿಕಾರ ಮಾತ್ರ ನಮ್ಮದು.

ಈ ಅಧಿಕಾರ ಯಾರು ಕೊಟ್ರು? ಕಾನೂನಂತೂ ಕೊಟ್ಟಿಲ್ಲ. ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತಲೇ 2007ರಲ್ಲಿ ಒಂದು ಕಾಯ್ದೆ ಬಂದಿದೆ. ಅದು ಮಕ್ಕಳ ಮೇಲೆ ಹೊಣೆ ಹೊರಿಸುತ್ತೆ. ಅಪ್ಪ ಅಮ್ಮ ಎಲ್ಲಿಗೆ, ಯಾವ ಬಸ್ಸಲ್ಲಿ ಹೋಗಬೇಕು ಅಂತ ತೀರ್ಮಾನಿಸುವ ಹಕ್ಕು ಕೊಡೋದಿಲ್ಲ. ಅದನ್ನ ನಾವೇ ತಗೊಂಡಿದ್ದು. ಮೊದಲು ಅವರ ಫೋನ್ ರೀಚಾರ್ಜ್ ಮಾಡಿದ್ವಿ, ಆಮೇಲೆ ಕರೆಂಟ್ ಬಿಲ್ ಆನ್‌ಲೈನ್ ಕಟ್ಟಿದ್ವಿ, ಆಮೇಲೆ ಆಸ್ಪತ್ರೆಗೆ ಜೊತೆಗೆ ಹೋದ್ವಿ. ಮೂರೂ ಒಳ್ಳೇ ಕೆಲಸ. ನಾಲ್ಕನೇ ಮೆಟ್ಟಿಲಲ್ಲಿ ಅವರ ಪರವಾಗಿ ‘ಬೇಡ’ ಅನ್ನೋಕೆ ಶುರು ಮಾಡಿದ್ವಿ. ಯಾವಾಗ ಆ ಮೆಟ್ಟಿಲು ಹತ್ತಿದ್ವಿ ಅಂತ ನಮಗೂ ಗೊತ್ತಾಗಲಿಲ್ಲ.

ನಮ್ಮ ವಾದಗಳನ್ನ ಒಂದೊಂದಾಗಿ ತಗೋಳ್ತೀನಿ. ಎಲ್ಲವನ್ನೂ ನಾನೇ ಬಳಸಿದ್ದೀನಿ, ಹಾಗಾಗಿ ಚೆನ್ನಾಗಿ ಗೊತ್ತು.

ಮೊದಲನೆಯದು ಆರೋಗ್ಯ. ‘ಈ ವಯಸ್ಸಲ್ಲಿ ಅಷ್ಟು ದೂರ ಯಾಕೆ?’ ನನ್ನ ತಮ್ಮ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಅವನಿಗೆ ಮಗಳು ಹುಟ್ಟಿದಾಗ ಅಪ್ಪ ಅಮ್ಮನನ್ನ ಬೆಂಗಳೂರಿನಿಂದ ವಿಮಾನ ಹತ್ತಿಸಿದ್ವಿ. ಮಧ್ಯೆ ಒಂದು ಕಡೆ ಇಳಿದು, ಗಂಟೆಗಟ್ಟಲೆ ಕಾದು, ಇನ್ನೊಂದು ವಿಮಾನ ಹತ್ತಿ, ಇಡೀ ಒಂದು ದಿನದ ಪ್ರಯಾಣ. ಆವಾಗ ಯಾರಿಗಾದ್ರೂ ಮಂಡಿ ನೆನಪಾಯ್ತಾ? ‘ವೀಲ್‌ಚೇರ್ ಹಾಕಿಸಿದ್ದೀನಿ, ಆರಾಮಾಗಿ ಹೋಗಬಹುದು’ ಅಂದ ತಮ್ಮ. ಆರು ತಿಂಗಳು ಅಲ್ಲಿದ್ದರು. ಹೊರಗೆ ಹಿಮ, ಒಳಗೆ ಬಾಣಂತನ. ಅದಕ್ಕೆ ಆರೋಗ್ಯ ಅಡ್ಡ ಬರಲಿಲ್ಲ. ಮೈಸೂರಿಂದ ಮಂಗಳೂರಿಗೆ ಹಗಲು ಹೊತ್ತಿನ ಬಸ್ಸು ಅಂದ ಕೂಡ್ಲೇ ಎಲ್ಲಾ ಎಲುಬೂ ನೆನಪಾಗುತ್ತೆ. ಅಂದ್ರೆ ನಮ್ಮ ಲೆಕ್ಕ ಹೀಗಿದೆ: ನಮಗೆ ಬೇಕಾದ ಕಡೆ ಹೋಗುವಾಗ ಅವರು ಗಟ್ಟಿ, ಅವರಿಗೆ ಬೇಕಾದ ಕಡೆ ಹೋಗುವಾಗ ಅವರು ಮುದುಕರು.

ಆರೋಗ್ಯದ ಬಗ್ಗೆ ನಿಜವಾದ ಕಾಳಜಿ ಇದ್ರೆ ಮಾಡಬೇಕಾದ ಕೆಲಸ ಸುಲಭ. ಡಾಕ್ಟರನ್ನ ಕೇಳೋದು. ನಾನು ಕೇಳಿರಲಿಲ್ಲ. ಈ ಸಲ ಅವರು ಹೊರಟು ಹೋದ ಮೇಲೆ ಗಾಬರಿಯಲ್ಲಿ ಅಪ್ಪನ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ: ‘ಮಾತ್ರೆ ತಪ್ಪಿಸಬಾರದು, ನೀರು ಕುಡೀಬೇಕು, ಮಧ್ಯಾಹ್ನದ ಬಿಸಿಲಲ್ಲಿ ಓಡಾಡಬಾರದು. ಇನ್ನೇನಿದೆ? ಓಡಾಡಿ ಅಂತ ನಾನೇ ಹೇಳಿದ್ದೆನಲ್ಲ.’ ಅವರು ಹೇಳಿದ್ದು ಅಪ್ಪನಿಗೆ. ನನಗಲ್ಲ. ನಾನು ಕೇಳಿಸ್ಕೊಂಡಿರಲಿಲ್ಲ.

ಎರಡನೇ ವಾದ: ‘ನೋಡಿದ್ದೇ ಜಾಗ, ಇನ್ನೇನಿದೆ ನೋಡೋಕೆ?’ ಇದನ್ನ ಹೇಳುವ ನಾವು ಗೋವಾಕ್ಕೆ ಎಷ್ಟನೇ ಸಲ ಹೋಗ್ತಿದ್ದೀವಿ? ಅದಿರಲಿ. ಅವರು ಏನು ನೋಡಿದರು ಅಂತ ಹೇಳ್ತೀನಿ.

ಕಾಪುವಿನಲ್ಲಿ 1901ರ ದೀಪಸ್ತಂಭ. ಅಪ್ಪ ಹತ್ತಿದರು, ಅಮ್ಮ ‘ನೀವು ಹೋಗಿ ಬನ್ನಿ’ ಅಂತ ಬಂಡೆಯ ಕೆಳಗೆ ಕೂತಳು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಲ್ಲುಗಳು ಯಾರೋ ಅಳತೆ ಇಟ್ಟು ಕೆತ್ತಿ ನಿಲ್ಲಿಸಿದ ಕಂಬಗಳ ಹಾಗೆ ಇವೆ, ಬಹಳಷ್ಟು ಆರು ಮುಖದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದದ್ದು. ಮಳೆಗಾಲಕ್ಕೆ ಮುಂಚೆ ದೋಣಿ ನಿಂತುಬಿಡುತ್ತೆ, ಅದಕ್ಕೇ ಮೇ ಮೊದಲ ವಾರ ಹೊರಟದ್ದಂತೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಯೂ ಬಂದ್. ‘ತಾಜಾ ಬಂಗುಡೆ ತಿನ್ನಬೇಕಾದ್ರೆ ಅಷ್ಟರೊಳಗೆ ಹೋಗಬೇಕು’ ಅನ್ನೋದು ಅಪ್ಪನ ಇನ್ನೊಂದು ಲೆಕ್ಕ. ನಾನು ‘ಪ್ಲ್ಯಾನಿಂಗ್ ಇಲ್ಲದೇ ಹೊರಟುಬಿಟ್ಟಿದ್ದಾರೆ’ ಅಂತ ತಮ್ಮನಿಗೆ ಫೋನಲ್ಲಿ ಹೇಳ್ತಿದ್ದೆ. ಅವರು ಕಡಲಿನ ಕ್ಯಾಲೆಂಡರ್ ನೋಡಿ ಹೊರಟಿದ್ದರು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮುರುಡೇಶ್ವರದಲ್ಲಿ 123 ಅಡಿಯ ಶಿವ. ಅಲ್ಲಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಹಾಗಾಗಿ ಅಮ್ಮನೂ ಮೇಲೆ ಹೋದಳು. ಮೇಲಿಂದ ಕಡಲು ನೋಡಿ ಕೆಳಗೆ ಬಂದು ಮತ್ತೊಂದು ಸಲ ಟಿಕೆಟ್ ತಗೊಂಡಳು. ಕೊನೆಗೆ ಹೊನ್ನಾವರದಿಂದ ಪ್ಯಾಸೆಂಜರ್ ರೈಲಲ್ಲಿ ಕಾರವಾರ. ಅಲ್ಲಿನ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಟ್ಯಾಗೋರ್ ಬಂದು ಉಳಿದಿದ್ದರು. ಅಮ್ಮನಿಗೆ ಅದು ಬೇಕಿತ್ತು. ವರ್ಷಗಟ್ಟಲೆ ಮಕ್ಕಳಿಗೆ ಜನಗಣಮನ ಹೇಳಿಕೊಟ್ಟವಳು. ಅಪ್ಪನಿಗೆ ಬೇಕಿದ್ದದ್ದು ಕಾಳಿ ನದಿ. 2024ರ ಆಗಸ್ಟ್ 7ರಂದು ಕುಸಿದುಬಿದ್ದ ಹಳೆಯ ಸೇತುವೆಯ ಜಾಗ. ಒಂದು ಗಂಟೆ ಅಲ್ಲಿ ನಿಂತಿದ್ದರಂತೆ. ಜೀವಮಾನವೆಲ್ಲ ಮೋರಿ, ಸೇತುವೆ ಅಂತ ಅಳತೆ ಪುಸ್ತಕ ಬರೆದ ಮನುಷ್ಯನಿಗೆ ಅದೇ ಪ್ರೇಕ್ಷಣೀಯ ಸ್ಥಳ. ಯಾವ ಪ್ಯಾಕೇಜ್ ಟೂರ್‌ನವರು ಆ ಜಾಗವನ್ನ ತಮ್ಮ ಪಟ್ಟಿಯಲ್ಲಿ ಹಾಕ್ತಾರೆ?

ಮೂರನೇ ವಾದ ಇದೇ ಪ್ಯಾಕೇಜಿನದ್ದು. ‘ಹೋಗ್ಲೇಬೇಕು ಅಂದ್ರೆ ಸರಿಯಾಗಿ ಹೋಗ್ಲಿ. ಇನ್ನೋವಾ ಮಾಡ್ತೀನಿ, ಕಡಲ ಪಕ್ಕದ ರೆಸಾರ್ಟ್ ಬುಕ್ ಮಾಡ್ತೀನಿ.’ ಇದು ತಮ್ಮನ ಮಾತು. ಉದಾರವಾಗೇ ಇದೆ. ರೆಸಾರ್ಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನನಗೂ ಇಷ್ಟ. ಆದರೆ ಅವರು ಕೇಳಿದ್ದು ಅದಲ್ಲ. ಅವರು ಕೇಳಿದ್ದು ಚಿಕ್ಕಮ್ಮನ ಮನೆಯ ಚಾಪೆ.

ಬ್ರಹ್ಮಾವರದಲ್ಲಿ ಅಮ್ಮ ನಾಲ್ಕು ದಿನ ಮಾಡಿದ್ದೇನು? ಹಲಸಿನ ಹಪ್ಪಳ. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ತಟ್ಟಿ, ಅಂಗಳದಲ್ಲಿ ಚಾಪೆ ಹಾಸಿ ಒಣಹಾಕಿ, ಕಾಗೆ ಓಡಿಸ್ತಾ ಕೂತದ್ದು. ‘ಅಯ್ಯೋ, ಅಲ್ಲಿಗೆ ಹೋಗಿ ಕೆಲಸ ಮಾಡ್ತಿದ್ದೀಯಾ?’ ಅಂತ ಕೇಳಿದೆ. ಅಮ್ಮ ನಕ್ಕಳು. ‘ನಿನ್ನ ಮನೇಲಿ ಎರಡು ತಿಂಗಳು ಏನು ಮಾಡ್ದೆ ಮತ್ತೆ?’ ಅಂದಳು. ನಾನು ಫೋನ್ ಮ್ಯೂಟ್ ಮಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಕೆಲಸ ಎರಡೂ ಕಡೆ ಇದೆ. ವ್ಯತ್ಯಾಸ ಏನು ಅಂದ್ರೆ, ಅಲ್ಲಿ ಅವಳ ಪಕ್ಕ ಅವಳ ತಂಗಿ ಕೂತಿದ್ದಳು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು, ಒಂದೇ ಥರದ ಮಂಡಿ ನೋವಿರುವವರು, ಅವರ ಅಮ್ಮನ ಬಗ್ಗೆ ದೂರು ಹೇಳಿಕೊಳ್ಳುವ ಹಕ್ಕಿರುವವರು. ನನ್ನ ಒಂಬತ್ತನೇ ಮಹಡಿಯಲ್ಲಿ ಅಮ್ಮನಿಗೆ ಅಜ್ಜಿ ಅನ್ನೋ ಒಂದೇ ಕೆಲಸ. ಬ್ರಹ್ಮಾವರದಲ್ಲಿ ಅವಳು ಅಕ್ಕ. ಅರವತ್ತು ದಾಟಿದ ಮೇಲೆ ನಮ್ಮನ್ನ ‘ಅಕ್ಕ’, ‘ತಮ್ಮ’ ಅಂತ ಕರೆಯೋ ಜನ ವರ್ಷ ವರ್ಷಕ್ಕೂ ಕಡಿಮೆ ಆಗ್ತಾರೆ. ಇನ್ನೂ ಇರುವಾಗ ಹೋಗಬೇಕು ಅನ್ನೋದು ಅವರಿಗೆ ಹಠ ಅಲ್ಲ, ಲೆಕ್ಕ.

ನಾಲ್ಕನೇ ವಾದ ಸುರಕ್ಷತೆ. ‘ಫೋನ್ ಎತ್ತಲ್ಲ, ಲೊಕೇಶನ್ ಆನ್ ಇಡಲ್ಲ, ಏನಾದ್ರೂ ಆದ್ರೆ?’ ಇಲ್ಲಿ ನನ್ನ ಮರ್ಯಾದೆ ಹೋದ ಕಥೆ ಹೇಳ್ತೀನಿ.

ಅವರು ಬ್ರಹ್ಮಾವರದಲ್ಲಿದ್ದ ಮೂರನೇ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅಮ್ಮನದ್ದು ರಿಂಗ್ ಆಗುತ್ತೆ, ಎತ್ತಲ್ಲ. ಚಿಕ್ಕಮ್ಮನದ್ದೂ ಅಷ್ಟೇ. ಹನ್ನೆರಡಾಯ್ತು, ಒಂದಾಯ್ತು. ಗಂಡ ‘ಮಲ್ಕೋ, ಬೆಳಿಗ್ಗೆ ಮಾಡ್ತಾರೆ’ ಅಂದ. ನಾನು ಅಲ್ಲಿನ ಪೊಲೀಸ್ ಠಾಣೆಯ ನಂಬರ್ ಹುಡುಕಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಡಲ್ಲಾಸ್‌ನಲ್ಲಿ ತಮ್ಮ ಮಧ್ಯಾಹ್ನದ ಮೀಟಿಂಗ್ ಬಿಟ್ಟು ನನ್ನ ಜೊತೆ ಕರೆಯಲ್ಲಿ ಕೂತ. ಬೆಳಗಿನ ಜಾವ ಐದೂ ಮುಕ್ಕಾಲಿಗೆ ಅಪ್ಪನ ಫೋನ್ ಬಂತು.

‘ಏನಮ್ಮಾ, ಇಷ್ಟೊಂದು ಮಿಸ್ಡ್ ಕಾಲು? ಎಲ್ಲಾ ಸರಿ ಇದ್ದೀರಾ?’

‘ನೀವೆಲ್ಲಿ ಹೋಗಿದ್ರಿ?’

‘ಆಟಕ್ಕೆ.’

ಯಕ್ಷಗಾನ. ಗದ್ದೆ ಬಯಲಲ್ಲಿ ರಾತ್ರಿಯಿಡೀ. ಪತ್ತನಾಜೆ ಬಂದ್ರೆ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ, ಆಮೇಲೆ ಮಳೆಗಾಲ ಕಳೆಯುವವರೆಗೆ ತಿರುಗಾಟ ಇಲ್ಲ. ಹಾಗಾಗಿ ಮನೆಮಂದಿಯೆಲ್ಲ ಹೋಗಿದ್ದರು. ಚಂಡೆಯ ಸದ್ದಲ್ಲಿ ಯಾರ ಫೋನೂ ಯಾರಿಗೂ ಕೇಳಿಸಲಿಲ್ಲ. ನಾನು ಕೂಗಾಡಿದೆ. ಎಷ್ಟು ಗಾಬರಿಯಾಗಿತ್ತು, ಪೊಲೀಸಿಗೆ ಫೋನ್ ಮಾಡೋದರಲ್ಲಿದ್ದೆ, ಹೇಳಿ ಹೋಗೋಕೆ ಏನಾಗಿತ್ತು ಅಂತೆಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು:

‘ನೀನು ಸುರತ್ಕಲ್‌ನಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ವಾರಕ್ಕೊಂದು ಸಲ ಫೋನ್ ಮಾಡ್ತಿದ್ದೆ. ಒಂದೊಂದು ವಾರ ಅದೂ ಇಲ್ಲ. ನಾವೂ ನಿದ್ದೆ ಮಾಡಿಲ್ಲ. ಆದ್ರೆ ನಿನ್ನನ್ನ ವಾಪಸ್ ಕರೆಸ್ಕೊಳ್ಳಲಿಲ್ಲ.’

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹದಿನೆಂಟು ವರ್ಷದ ಹುಡುಗಿಯನ್ನ ಮೈಸೂರಿನಿಂದ ಕಡಲ ತೀರದ ಕಾಲೇಜಿಗೆ ಕಳಿಸುವಾಗ ಅವರಿಗೆ ನಮಗಿಂತ ಕಡಿಮೆ ಹೆದರಿಕೆ ಇತ್ತಾ? ಅವರ ಹೆದರಿಕೆಯನ್ನ ಅವರು ನುಂಗಿಕೊಂಡರು. ನಮ್ಮ ಹೆದರಿಕೆಯನ್ನ ನಾವು ಅವರ ಕಾಲಿಗೆ ಕಟ್ಟುತ್ತೇವೆ. ಅಪಾಯ ಇಲ್ಲ ಅಂತ ನಾನು ಹೇಳೋದಿಲ್ಲ. ಇದೆ. ಬಿದ್ದರೆ ಮೂಳೆ ಮುರೀಬಹುದು, ಎದೆ ನೋವು ಬರಬಹುದು. ಆದರೆ ಮನೆಯಲ್ಲೇ ಕೂರಿಸಿದ್ರೆ ಅದು ಬರಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ಅಪ್ಪನಿಗೆ ಎದೆ ನೋವು ಬಂದದ್ದು ಟಿವಿ ಮುಂದೆ ಕೂತಿದ್ದಾಗ.

*

ಈಗ ಸರ್ಕಾರದ ಸರದಿ.

ಹಿರಿಯ ನಾಗರಿಕರಿಗೆ ರೈಲಿನಲ್ಲಿ ರಿಯಾಯಿತಿ ಇತ್ತು. ಅರವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50. 2020ರ ಮಾರ್ಚ್ 20ರಂದು ಕೋವಿಡ್ ನೆಪದಲ್ಲಿ ಅದನ್ನ ತೆಗೆದರು. ಜನ ಅನಗತ್ಯವಾಗಿ ಓಡಾಡಬಾರದು ಅನ್ನೋದು ಆಗಿನ ಕಾರಣ, ಒಪ್ಪೋಣ. ಕೋವಿಡ್ ಹೋಯ್ತು. ರೈಲುಗಳೆಲ್ಲ ಓಡಿದವು. ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ಕೇಳಿದ್ರೆ, ಎಲ್ಲಾ ಪ್ರಯಾಣಿಕರಿಗೂ ಟಿಕೆಟ್ ದರದಲ್ಲಿ ಈಗಾಗಲೇ ಸರಾಸರಿ ಅರ್ಧದ ಹತ್ತಿರ ಸಬ್ಸಿಡಿ ಸಿಗ್ತಿದೆ ಅಂತ ಉತ್ತರ. ಅಂದ್ರೆ ದುಡಿಯುವ ನನಗೂ, ಪೆನ್ಷನ್ನೂ ಇಲ್ಲದ ಎಪ್ಪತ್ತರ ಅಜ್ಜಿಗೂ ಒಂದೇ ದರ, ಅದೇ ನ್ಯಾಯ.

ನಮ್ಮ ರಾಜ್ಯದ ಬಸ್ಸಿನಲ್ಲಿ ಪರಿಸ್ಥಿತಿ ವಾಸಿ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಅಮ್ಮನಿಗೆ ಸಾಮಾನ್ಯ ಬಸ್ಸಲ್ಲಿ ದುಡ್ಡಿಲ್ಲ. ಅಪ್ಪನಿಗೆ ವಯಸ್ಸಿನ ಪುರಾವೆ ತೋರಿಸಿದ್ರೆ ಶೇ. 25 ಕಡಿಮೆ. ಆದರೆ ಮಂಗಳೂರು–ಉಡುಪಿ–ಕುಂದಾಪುರ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರ. ಅಲ್ಲಿ ಅಮ್ಮನೂ ಪರ್ಸ್ ತೆಗೀಬೇಕು. ಇನ್ನು ಕೆಲವು ಸ್ಟೇಷನ್‌ಗಳಲ್ಲಿ ಪ್ಲ್ಯಾಟ್‌ಫಾರ್ಮ್ ತಗ್ಗು, ರೈಲಿನ ಮೆಟ್ಟಿಲು ಎತ್ತರ, ರೈಲು ನಿಲ್ಲೋದು ಎರಡು ನಿಮಿಷ. ಅಮ್ಮನನ್ನ ಕೆಳಗಿಂದ ಅಪ್ಪ ತಳ್ಳಿ, ಮೇಲಿಂದ ಯಾರೋ ಮೀನು ಬುಟ್ಟಿಯ ಹೆಂಗಸು ಕೈ ಹಿಡಿದು ಎಳೆದುಕೊಂಡದ್ದಂತೆ. ಬಸ್ ಸ್ಟ್ಯಾಂಡಿನ ಶೌಚಾಲಯದ ವಿಷಯ ಬರೆಯದಿದ್ದರೇ ವಾಸಿ. ಸಕ್ಕರೆ ಕಾಯಿಲೆ ಇರುವ ಹೆಂಗಸು ಪ್ರಯಾಣದ ದಿನ ನೀರು ಕುಡಿಯೋಕೆ ಹೆದರುತ್ತಾಳೆ ಅಂದ್ರೆ, ‘ಹಿರಿಯ ನಾಗರಿಕ ಸ್ನೇಹಿ’ ಅಂತ ಬರೆಸಿದ ಬೋರ್ಡು ಯಾರ ಸ್ನೇಹಕ್ಕೆ?

ಇದನ್ನೆಲ್ಲ ಕೇಳಬೇಕು, ಗಟ್ಟಿಯಾಗಿ ಕೇಳಬೇಕು. ನಾವು ಕೇಳೋದೂ ಇಲ್ಲ ಅಂತಲ್ಲ. ರೈಲ್ವೆ ರಿಯಾಯಿತಿ ಬಗ್ಗೆ ಟ್ವೀಟ್ ಹಂಚಿಕೊಂಡವಳು ನಾನೂ. ಆದರೆ ಒಂದು ಮಾತು. ರೈಲ್ವೆಯವರು ಟಿಕೆಟ್‌ನ ಅರ್ಧ ದುಡ್ಡು ಕಿತ್ಕೊಂಡರು. ನಾನು ಪ್ರಯಾಣವನ್ನೇ ಕಿತ್ಕೊಂಡಿದ್ದೆ. ಅವರ ವಿರುದ್ಧ ಟ್ವೀಟ್ ಮಾಡಿದೆ. ನನ್ನ ವಿರುದ್ಧ ಅಪ್ಪ ಯಾರಿಗೆ ದೂರು ಕೊಡಬೇಕಿತ್ತು?

*

ನೀವು ಹೇಳ್ತೀರಿ: ‘ಎಲ್ಲಾ ಸರಿ, ಆದ್ರೆ ನಮ್ಮ ಕಷ್ಟವೂ ನಿಜ ಅಲ್ವಾ? ಇಬ್ಬರೂ ದುಡೀತೀವಿ. ಎರಡು ತಿಂಗಳು ಮಗುವನ್ನ ಯಾರು ನೋಡ್ಕೋತಾರೆ?’

ನಿಜ. ಅದು ಸಣ್ಣ ಕಷ್ಟ ಅಲ್ಲ. ಶಾಲೆಗೆ ಎರಡು ತಿಂಗಳು ರಜೆ, ಆಫೀಸಿಗೆ ಇಲ್ಲ. ಈ ನಡುವಿನ ಕಂದಕವನ್ನ ಈ ಊರಲ್ಲಿ ಸಾವಿರಾರು ಅಜ್ಜ ಅಜ್ಜಿಯರು ತಮ್ಮ ಮೈಯನ್ನೇ ಸೇತುವೆ ಮಾಡಿ ಮುಚ್ಚುತ್ತಿದ್ದಾರೆ. ಅಷ್ಟೂ ಹೊರೆ ಅವರ ಮೇಲೆ ಬಿದ್ದಿರೋದರಿಂದಲೇ ಆಫೀಸುಗಳು ಆರಾಮಾಗಿವೆ. ನಾನು ಇಷ್ಟು ವರ್ಷ ಮ್ಯಾನೇಜರ್ ಹತ್ರ ಮೇ ತಿಂಗಳಲ್ಲಿ ಒಂದು ವಾರ ರಜೆ ಕೇಳೋಕೆ ಹಿಂಜರಿದಿದ್ದೀನಿ, ಅಮ್ಮನ ಹತ್ರ ಎರಡು ತಿಂಗಳು ಕೇಳೋಕೆ ಹಿಂಜರಿದಿಲ್ಲ. ಯಾಕಂದ್ರೆ ಮ್ಯಾನೇಜರ್ ‘ಇಲ್ಲ’ ಅನ್ನಬಹುದು. ಅಮ್ಮ ಅನ್ನಲ್ಲ.

ಸಹಾಯ ಕೇಳಬೇಡಿ ಅಂತ ನಾನು ಹೇಳ್ತಿಲ್ಲ. ಕೇಳಿ. ‘ಅಮ್ಮಾ, ಏಪ್ರಿಲ್‌ನಲ್ಲಿ ಮೂರು ವಾರ ಬರ್ತೀಯಾ? ನನಗೆ ಕಷ್ಟ ಇದೆ’ ಅಂತ ಕೇಳಿ. ಕೇಳಿದ್ರೆ ಅವರಿಗೆ ‘ಆಗಲ್ಲ’ ಅನ್ನುವ ಜಾಗ ಇರುತ್ತೆ, ‘ಬರ್ತೀನಿ’ ಅಂದ್ರೆ ಅದಕ್ಕೊಂದು ಬೆಲೆ ಇರುತ್ತೆ. ‘ಬಿಸಿಲು ಜಾಸ್ತಿ, ಎಲ್ಲೂ ಹೋಗಬೇಡಿ, ಇಲ್ಲೇ ಬಂದುಬಿಡಿ’ ಅನ್ನೋದರಲ್ಲಿ ಆ ಜಾಗ ಇಲ್ಲ. ಅದು ಮೋಸ. ಸಣ್ಣ ಮೋಸ, ಪ್ರೀತಿ ಬೆರೆಸಿದ ಮೋಸ, ಆದ್ರೂ ಮೋಸ.

ಈ ಬೇಸಿಗೆಯಲ್ಲಿ ಅಮ್ಮ ಬರಲಿಲ್ಲವಾದ್ದರಿಂದ ಮಗನನ್ನ ಮೂರು ವಾರ ಬೇಸಿಗೆ ಶಿಬಿರಕ್ಕೆ ಹಾಕಿದೆ. ಹನ್ನೆರಡು ಸಾವಿರ. ಗಂಡ ಒಂದು ವಾರ, ನಾನೊಂದು ವಾರ ರಜೆ ಹಾಕಿದ್ವಿ. ರಿಲೀಸ್ ನಾಲ್ಕು ದಿನ ತಡವಾಯ್ತು. ಯಾರೂ ಸಾಯಲಿಲ್ಲ.

*

ಹೊನ್ನಾವರದ ವಿಷಯ ಬಾಕಿ ಇದೆ.

ಅತ್ತೆ ಇಲ್ಲದ ಮನೆಗೆ ಅಪ್ಪ ಹೋದರು. ಅತ್ತೆಯ ಮಗ, ಅಂದ್ರೆ ನನ್ನ ಬಾವ, ಬೆಲ್ಲ ನೀರು ಕೊಟ್ಟು ‘ಮಾವ, ಆರಾಮಾ’ ಅಂದನಂತೆ. ಈ ಬಾವನ ಫೋನ್ ನಂಬರ್ ನನ್ನ ಹತ್ರ ಇರಲಿಲ್ಲ. ಹಿಂದಿನ ಜುಲೈಯಲ್ಲಿ, ಸಾವಿನ ಮನೆಗೆ ಟ್ಯಾಕ್ಸಿಯವನಿಗೆ ದಾರಿ ಹೇಳೋಕೆ ಅಂತ ಮೊದಲ ಸಲ ತಗೊಂಡದ್ದು. ಅಪ್ಪ ಅಮ್ಮ ಓಡಾಡೋದು ನಿಂತ್ರೆ ಈ ಮನೆಗಳಿಗೆಲ್ಲ ದಾರಿ ಮುಚ್ಚುತ್ತೆ. ನಾವಂತೂ ಹೋಗಲ್ಲ. ಗೂಗಲ್ ಮ್ಯಾಪಿನಲ್ಲಿ ಹುಡುಕೋಕೆ ಆ ಮನೆಗೆ ಹೆಸರೇ ಇಲ್ಲ.

ಬಾವ ಒಂದು ಪುಟ್ಟ ಭರಣಿ ಕೊಟ್ಟು ಕಳಿಸಿದ್ದ. ಮಿಡಿ ಉಪ್ಪಿನಕಾಯಿ. 2024ರ ಬೇಸಿಗೆಯಲ್ಲಿ ತಮ್ಮ ಬರ್ತಾನೆ ಅಂತ ಅತ್ತೆ ಹಾಕಿ, ಬಟ್ಟೆ ಕಟ್ಟಿ ಎತ್ತಿಟ್ಟದ್ದು. ತಮ್ಮ ಬರಲಿಲ್ಲ. ‘ಅಮ್ಮ ಇದನ್ನ ಮುಟ್ಟೋಕೆ ಬಿಡ್ತಿರಲಿಲ್ಲ, ನಿಮ್ಮದೇ ಇದು’ ಅಂತ ಹೇಳಿ ಕೊಟ್ಟನಂತೆ. ಅಪ್ಪ ಇದನ್ನ ನನಗೆ ಹೇಳಲಿಲ್ಲ, ಅಮ್ಮ ಹೇಳಿದ್ದು. ಮುಂದಿನ ಸಲ ಮೈಸೂರಿಗೆ ಹೋದಾಗ ಊಟಕ್ಕೆ ಕೂತೆ. ಅಪ್ಪ ಭರಣಿ ತೆಗೆದು ನನ್ನ ಎಲೆಗೆ ಒಂದು ಮಿಡಿ ಹಾಕಿದರು. ‘ಅಕ್ಕನ ಕೈಯ್ದು’ ಅಂದರು. ಮತ್ತೇನೂ ಹೇಳಲಿಲ್ಲ. ನಾನು ತಿಂದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಇವತ್ತು ಮನೆಗೆ ಫೋನ್ ಮಾಡಿ, ಎಲ್ಲಿಗೆ ಹೋಗಬೇಕು ಅಂತಿದ್ದೀರಿ ಅಂತ ಕೇಳಿ. ಊರಿನ ಹೆಸರು ಹೇಳಿದ ಕೂಡಲೇ ತಿದ್ದೋಕೆ ಹೋಗಬೇಡಿ. ರೈಲಾದ್ರೆ ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತೆ. ಹಿರಿಯರ ಲೋವರ್ ಬರ್ತ್ ಕೋಟಾ ಬೇಕಾದ್ರೆ ಒಂದು ಟಿಕೆಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರನ್ನ ಸೇರಿಸಬೇಡಿ. ಮಾತ್ರೆಗಳನ್ನ ಎರಡು ಕಡೆ ಹಂಚಿ ಇಡೋಕೆ ಹೇಳಿ, ಒಂದು ಪವರ್ ಬ್ಯಾಂಕ್ ಕೊಡಿಸಿ, ಯಾರ ಮನೆಗೆ ಹೋಗ್ತಾರೋ ಅವರ ನಂಬರ್ ಬರೆದಿಟ್ಟುಕೊಳ್ಳಿ. ಒಣಮೀನು ತಂದ್ರೆ ಅಪಾರ್ಟ್‌ಮೆಂಟಿನ ಪಕ್ಕದವರಿಗೆ ನೀವೇ ಸಮಾಧಾನ ಹೇಳಿ. ಆಮೇಲೆ ಸುಮ್ಮನಿರಿ.

ಅಪ್ಪ ಮುಂದಿನ ಬೇಸಿಗೆಗೆ ಗೋಕರ್ಣ, ಅಂಕೋಲಾ ಅಂತಿದ್ದಾರೆ. ಅಂಕೋಲೆಯ ಕರಿ ಇಶಾಡು ಮಾವಿನಹಣ್ಣು ಮೇ ತಿಂಗಳಲ್ಲೇ ಸಿಗೋದಂತೆ. ಈ ಸಲ ನನಗೆ ಮುಂಚೆಯೇ ಹೇಳಿದ್ದಾರೆ. ಕೇಳಿದ್ದಲ್ಲ, ಹೇಳಿದ್ದು. ‘ಸರಿ ಅಪ್ಪ’ ಅಂದೆ.